ಬಾಯಿಯ ಅಳತೆ

ಮತ್ಸ್ಯನ್ಯಾಯವೆಂಬ ಮಾತನ್ನು ತರಗತಿಯಲ್ಲಿ ಎಷ್ಟೋ ಸಲ ವಿವರಿಸಿದ್ದೇನೆ. ಅದನ್ನು ಕಣ್ಣಾರೆ ಕಾಣಬೇಕೆನ್ನುವವರು ಗಾಜಿನ ತೊಟ್ಟಿಯಲ್ಲಿ ಆಸ್ಕರ್ ಮೀನನ್ನು ಸಾಕಬೇಕು. ಅಮೆಜಾನ್ ನದಿಯ ಸೀಮೆಯದು. ಅಂಗಡಿಯಲ್ಲಿ 2 ಅಂಗುಲದ ಮುದ್ದು ಮರಿ. ಮೇವು ಚೆನ್ನಾಗಿದ್ದರೆ ವರ್ಷದೊಳಗೆ 10 ಅಂಗುಲ ಮುಟ್ಟೀತು. ಸಾಕಿದವನ ಗುರುತು ಹಿಡಿದು ಕೈಯಿಂದಲೇ ತಿನ್ನುವಷ್ಟು ಸಲಿಗೆಯ ಪ್ರಾಣಿ. ಕ್ರೂರಿಯೆನ್ನಲಾರೆ, ಬಾಯಲ್ಲಿ ಹಿಡಿಸುವ ಮೀನೆಲ್ಲ ಅದಕ್ಕೆ ಆಹಾರ, ಅಷ್ಟೆ.

ಆದುದರಿಂದ ಅದಕ್ಕೆ ಜೊತೆಗಾರರನ್ನು ಆರಿಸುವವನು ಸ್ವಭಾವಕ್ಕಿಂತ ಮೊದಲು ಬಾಯಿಯ ಅಳತೆ ನೋಡಬೇಕು. ಅದೂ ಇಂದಿನ ಬಾಯಿಯಲ್ಲ, ಬರುವ ವರ್ಷದ ಬಾಯಿ.

ನೆರೆಮನೆಯ ಹುಡುಗ ತನ್ನ 9 ನಿಯಾನ್ ಟೆಟ್ರಾಗಳ ನಡುವೆ ಆಸ್ಕರ್ ಮರಿಯನ್ನು ಬಿಡಲು ಹೊರಟಿದ್ದ. “ಇನ್ನೂ ಚಿಕ್ಕದು ಮೇಷ್ಟ್ರೇ, ಜೊತೆಯಲ್ಲೇ ಬೆಳೆಯುತ್ತವೆ” ಎಂದು ಅವನ ವಾದ. ಒಂದೂವರೆ ಅಂಗುಲಕ್ಕೇ ನಿಂತುಬಿಡುವ ಟೆಟ್ರಾ ಬೆಳೆಯುವುದೆಂತು? ಸಿಲ್ವರ್ ಡಾಲರ್ ಮೀನುಗಳನ್ನು ತಾ ಎಂದೆ. ತಟ್ಟೆಯಂತೆ ಅಗಲವಾದ ಮೈ, ನುಂಗುವುದು ಕಷ್ಟ; ಓಟವೂ ಚುರುಕು. ಪಿರಾನ್ಹಾಗಳ ದಾಯಾದಿಗಳಾದರೂ ಸೊಪ್ಪುಸದೆ ಮೇಯುವ ಸಾತ್ತ್ವಿಕರು! ಐದಾರು ಒಟ್ಟಿಗಿದ್ದರೆ ಅವಕ್ಕೆ ಧೈರ್ಯ. ಆದರೆ ತೀರ ಮರಿಗಳಾದರೆ ಅವೂ ತುತ್ತೇ. ಮುಳ್ಳಿನ ಈಜುರೆಕ್ಕೆಯ ಸಣ್ಣ ಮೀಸೆಮೀನಂತೂ ಬೇಡವೇ ಬೇಡ: ಗಂಟಲಿಗೆ ಸಿಕ್ಕಿಕೊಂಡರೆ ನುಂಗಿದ್ದೂ ಸಾಯುತ್ತದೆ, ನುಂಗಿಸಿಕೊಂಡದ್ದೂ ಸಾಯುತ್ತದೆ.

ಇಷ್ಟೆಲ್ಲ ಆರಿಸಿದರೂ ಜಾಗವಿಲ್ಲದಿದ್ದರೆ ಜಗಳ ತಪ್ಪದು. ಬೆಳೆದ ಆಸ್ಕರ್ ಒಂದಕ್ಕೇ ಸುಮಾರು 300 ಲೀಟರ್ ನೀರು ಬೇಕು. ಸಂಗಡಿಗರಿಗೆ ಅದರ ಮೇಲೆ. ಹುಡುಗನ ತೊಟ್ಟಿ ಹಿಡಿಯುವುದು 60. ಲೆಕ್ಕ ಹಾಕಿಕೊಂಡು ಮರಿಯನ್ನು ಅಂಗಡಿಗೆ ಹಿಂದಿರುಗಿಸಿ ಬಂದ, ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಟೆಟ್ರಾಗಳು 9 ಇವೆ.