ತಂತಿಯಿಲ್ಲದ ಬೈರಿಗೆ: ಬಳಸುವವರು ಮನಗಾಣಬೇಕಾದ ಕೆಲವು ಸಂಗತಿಗಳು

ಹೋಟೆಲಿನ ಗೋಡೆಗೆ ಹಲಗೆಯೊಂದನ್ನು ಕೂಡಿಸಬೇಕಾದರೂ, ಸಡಿಲಗೊಂಡ ಕುರ್ಚಿಗೆ ಸ್ಕ್ರೂ ಬಿಗಿಯಬೇಕಾದರೂ ಬಡಗಿಯ ದಾರಿ ಕಾಯುವ ಕಾಲವು ಹಿಂದಾಯಿತು. ಬ್ಯಾಟರಿಯಿಂದ ನಡೆಯುವ ಡ್ರಿಲ್ಲು ಇಂದು ಹೋಟೆಲುಗಳ ಉಗ್ರಾಣದಲ್ಲಿಯೂ, ಗುಮಾಸ್ತರ ಮನೆಯ ಕಪಾಟಿನಲ್ಲಿಯೂ ಕಾಣಸಿಗುತ್ತದೆ. ನಮ್ಮ ಹಿರಿಯರು ಬೈರಿಗೆಯಿಂದ ಬೆವರು ಸುರಿಸಿ ಮಾಡುತ್ತಿದ್ದ ಕೆಲಸವನ್ನು ಅದು ಬೆರಳಿನ ಒಂದು ಒತ್ತಿಗೆ ಮಾಡಿಕೊಡುತ್ತದೆ. ಇದು ಉಪಕಾರವೇ ಸರಿ. ಆದರೆ ತಂತಿ ಇಲ್ಲವಾದುದರಿಂದ ವಿದ್ಯುತ್ತಿನ ಭಯವೂ ಇಲ್ಲವೆಂದು ಭಾವಿಸುವವರು ಬಹಳ ಮಂದಿ. ಈ ಭಾವನೆ ಸರಿಯಲ್ಲ. ತಂತಿ ಹೋಗಿದೆಯೇ ಹೊರತು ಶಕ್ತಿ ಹೋಗಿಲ್ಲ. ಅದು ಹಿಡಿಕೆಯ ಕೆಳಗಿನ ಪುಟ್ಟ ಪೆಟ್ಟಿಗೆಯಲ್ಲಿ ಬಂದು ನೆಲೆಸಿದೆ.

ತಂತಿಯಿಲ್ಲದ ಡ್ರಿಲ್ಲನ್ನು ಅಮೆರಿಕದ ಬ್ಲ್ಯಾಕ್ ಅಂಡ್ ಡೆಕರ್ ಸಂಸ್ಥೆಯು 1961ರಲ್ಲಿ ಹೊರತಂದಿತು. ಆಗ ಅದರಲ್ಲಿದ್ದುದು ನಿಕಲ್-ಕ್ಯಾಡ್ಮಿಯಂ ಬ್ಯಾಟರಿ. 1991ರಲ್ಲಿ ಜಪಾನಿನ ಸೋನಿ ಸಂಸ್ಥೆಯು ಲಿಥಿಯಂ-ಅಯಾನ್ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದಿತು. ಹಗುರವಾಗಿದ್ದು ಹೆಚ್ಚು ಶಕ್ತಿಯನ್ನು ಹಿಡಿದಿಡುವ ಈ ಬ್ಯಾಟರಿಯೇ ಇಂದಿನ ಉಪಕರಣಗಳಲ್ಲಿ ಹೆಚ್ಚಾಗಿರುವುದು. 18 ವೋಲ್ಟಿನ ಪೆಟ್ಟಿಗೆಯೆಂದರೆ 3.6 ವೋಲ್ಟಿನ ಐದು ಕೋಶಗಳ ಸಾಲು. ಕೋಶಗಳ ಒಳಗಿನ ದ್ರವವು ಬೆಂಕಿ ಹಿಡಿಯುವ ಗುಣವುಳ್ಳದ್ದು. ಪೆಟ್ಟಿಗೆ ಜಜ್ಜಿಹೋದರೆ, ಅತಿಯಾಗಿ ಕಾದರೆ, ಇಲ್ಲವೆ ಹೊಂದದ ಚಾರ್ಜರಿನಿಂದ ಮಿತಿಮೀರಿ ತುಂಬಿಸಿದರೆ, ಒಳಗಿನ ಶಾಖವೇ ಮತ್ತಷ್ಟು ಶಾಖವನ್ನು ಹುಟ್ಟಿಸುತ್ತದೆ. ಬೆಂಕಿ ಒಂದು ಕೋಶದಿಂದ ಮತ್ತೊಂದಕ್ಕೆ ಹಬ್ಬುತ್ತದೆ.

ಪರಊರುಗಳಲ್ಲಿ ದುಡಿಯುವ ನಮ್ಮವರು ಇದನ್ನು ವಿಶೇಷವಾಗಿ ಗಮನಿಸಬೇಕು. ರಾತ್ರಿ ಹೋಟೆಲು ಮುಚ್ಚಿದ ಮೇಲೆ ಒಂದೇ ಅಟ್ಟದಲ್ಲಿ ಹತ್ತು ಜನ ಮಲಗುವುದುಂಟು. ಇಳಿಯಲು ಇರುವುದು ಒಂದೇ ಏಣಿ. ಆ ಏಣಿಯ ಬುಡದ ಪ್ಲಗ್ಗಿನಲ್ಲಿ ಬ್ಯಾಟರಿಯನ್ನು ಚಾರ್ಜಿಗಿಟ್ಟು ನಿದ್ರೆಹೋದರೆ, ಅವಘಡದ ವೇಳೆಯಲ್ಲಿ ಬೆಂಕಿ ಮೊದಲು ಹಿಡಿಯುವುದು ಹೊರಹೋಗುವ ದಾರಿಯನ್ನೇ. ಆದುದರಿಂದ ಚಾರ್ಜು ಮಾಡುವ ಕೆಲಸ ಹಗಲಿನಲ್ಲಿ, ಎಚ್ಚರವಿರುವಾಗ, ಹೋಗಿಬರುವ ದಾರಿಯಿಂದ ದೂರದಲ್ಲಿ ನಡೆಯಲಿ. ಹಾಸಿಗೆ, ರಟ್ಟು, ಎಣ್ಣೆಡಬ್ಬಿಗಳು ಬಳಿಯಲ್ಲಿರಬಾರದು. ಕಲ್ಲಿನ ಅಥವಾ ಸಿಮೆಂಟಿನ ನೆಲವು ಉತ್ತಮ. ಆ ಬ್ಯಾಟರಿಗೆಂದೇ ತಯಾರಿಸಿದ ಚಾರ್ಜರನ್ನು ಮಾತ್ರ ಬಳಸಬೇಕು. ಅಗ್ಗದ ನಕಲಿಯಿಂದ ಉಳಿಯುವ ನೂರಿನ್ನೂರು ರೂಪಾಯಿ ಹತ್ತು ಜನರ ಪ್ರಾಣಕ್ಕೆ ಸಮನಲ್ಲ. ಬಳಸಿ ಬಿಸಿಯಾದ ಬ್ಯಾಟರಿ ತಣಿದ ನಂತರವೇ ಚಾರ್ಜಿಗೆ ಹಾಕಬೇಕು, ತುಂಬಿದೊಡನೆ ತೆಗೆಯಬೇಕು.

ಉಬ್ಬಿದ, ಒಡೆದ, ವಾಸನೆ ಬರುವ ಬ್ಯಾಟರಿಯನ್ನು ಮತ್ತೆ ಬಳಸಕೂಡದು. ಬಿಚ್ಚಿ ನೋಡುವ ಸಾಹಸವೂ ಬೇಡ. ಹೊಗೆ ಕಂಡರೆ ಅದು ವಿಷವೆಂದು ತಿಳಿದು, ಎಲ್ಲರನ್ನೂ ಎಬ್ಬಿಸಿ ಹೊರಕ್ಕೆ ಹೊರಟು, 101ಕ್ಕೆ ಫೋನು ಮಾಡಿ ಅಗ್ನಿಶಾಮಕ ದಳವನ್ನು ಕರೆಯಬೇಕು. ಉರಿ ಆರಿದಂತೆ ಕಂಡ ಮೇಲೂ ಇಂಥ ಬ್ಯಾಟರಿ ಮತ್ತೆ ಹೊತ್ತಿಕೊಳ್ಳುವುದುಂಟು.

ಇನ್ನು ಕೆಲಸದ ವಿಚಾರ. ಬಿಟ್ಟನ್ನು ಬದಲಿಸುವ ಮೊದಲು ಬ್ಯಾಟರಿಯನ್ನು ಹೊರತೆಗೆಯಬೇಕೆಂಬುದು ಮೊದಲನೆಯ ನಿಯಮ. ಬೆರಳು ತಪ್ಪಿ ಗುಂಡಿಗೆ ತಗಲಿದರೆ ಯಂತ್ರಕ್ಕೆ ಕೈ ಯಾವುದು, ಮರ ಯಾವುದು ಎಂಬ ಭೇದ ತಿಳಿಯದು. ಹೆಗಲ ಮೇಲಿನ ಟವೆಲು, ಸಡಿಲವಾದ ತೋಳು, ಬಟ್ಟೆಯ ಕೈಗವುಸು, ಇವು ತಿರುಗುವ ಬಿಟ್ಟಿಗೆ ಸುತ್ತಿಕೊಂಡು ಕೈಯನ್ನೂ ಎಳೆದುಕೊಳ್ಳಬಲ್ಲವು. ಕಣ್ಣಿಗೆ ರಕ್ಷಣೆಯ ಕನ್ನಡಕ ಇರಲೇಬೇಕು. ಬಿಟ್ಟು ಗೋಡೆಯಲ್ಲಿ ಸಿಕ್ಕಿಕೊಂಡರೆ ಯಂತ್ರವೇ ತಿರುಗಿ ಮಣಿಕಟ್ಟನ್ನು ತಿರುಚುತ್ತದೆ. ಅಲುಗಾಡುವ ಸ್ಟೂಲಿನ ಮೇಲೆ ನಿಂತು ಒಂದೇ ಕೈಯಲ್ಲಿ ಕೊರೆಯುವುದು ಈ ಕಾರಣದಿಂದ ಸಲ್ಲದು.

ಯಂತ್ರಕ್ಕೆ ತಂತಿಯಿಲ್ಲದಿದ್ದರೂ ಗೋಡೆಯೊಳಗೆ ತಂತಿಯುಂಟು. ಸ್ವಿಚ್ ಬೋರ್ಡಿನ ನೇರಕ್ಕೆ, ಮೇಲಾಗಲಿ ಕೆಳಗಾಗಲಿ ಪಕ್ಕಕ್ಕಾಗಲಿ, ಕೊರೆಯಬಾರದು. ಅಡುಗೆಮನೆಯಲ್ಲಿ ನೀರಿನ ಮತ್ತು ಗ್ಯಾಸಿನ ಕೊಳವೆಗಳು ಎಲ್ಲಿ ಹಾದುಹೋಗಿವೆಯೆಂದು ಮೊದಲು ವಿಚಾರಿಸಬೇಕು. ಗ್ಯಾಸಿನ ವಾಸನೆ ಬಂದಲ್ಲಿ ಡ್ರಿಲ್ಲನ್ನು ಮುಟ್ಟಲೇಬಾರದು. ಮೋಟಾರಿನ ಒಂದು ಕಿಡಿ ಸಾಕು.

ಇದರ ಪಾಲನೆ ಕಷ್ಟದ್ದಲ್ಲ. ಕೆಲಸ ಮುಗಿದೊಡನೆ ಬ್ಯಾಟರಿಯನ್ನು ತೆಗೆದು, ಒಣಬಟ್ಟೆಯಿಂದ ಒರೆಸಿ, ಗಾಳಿಯಾಡುವ ಸಂದುಗಳ ಧೂಳನ್ನು ಮೃದುವಾದ ಕುಂಚದಿಂದ ತೆಗೆದರೆ ಸಾಕು. ನೀರು, ಪೆಟ್ರೋಲು, ಥಿನ್ನರುಗಳು ವರ್ಜ್ಯ. ಮೊಳೆ, ಸ್ಕ್ರೂಗಳಿರುವ ಡಬ್ಬಿಯಲ್ಲಿ ಬ್ಯಾಟರಿಯನ್ನು ಹಾಕಿದರೆ ಎರಡು ತುದಿಗಳಿಗೂ ಲೋಹ ತಾಗಿ ಕಿಡಿಯೇಳಬಹುದು. ಬಹುದಿನ ಬಳಸದಿದ್ದರೆ ಅರ್ಧದಷ್ಟು ಚಾರ್ಜಿನಲ್ಲಿ, ಒಲೆ ಬಿಸಿಲುಗಳಿಂದ ದೂರ, ಒಣಗಿದ ತಂಪಾದ ಜಾಗದಲ್ಲಿಡಬೇಕು. ಪೂರ್ತಿ ತುಂಬಿಸಿಯೋ ಪೂರ್ತಿ ಬರಿದುಮಾಡಿಯೋ ತಿಂಗಳುಗಟ್ಟಲೆ ಇಟ್ಟರೆ ಬ್ಯಾಟರಿಯ ಆಯುಸ್ಸು ಕುಂದುತ್ತದೆ.

ಊರಿಗೆ ವಿಮಾನದಲ್ಲಿ ಹೋಗುವವರಿಗೆ ಒಂದು ಮಾತು. ಬಿಡಿ ಬ್ಯಾಟರಿಯನ್ನು ಸಾಮಾನಿನೊಂದಿಗೆ ಕೊಡುವಂತಿಲ್ಲ. ತುದಿಗಳನ್ನು ಮುಚ್ಚಿ ಕೈಚೀಲದಲ್ಲಿಯೇ ಒಯ್ಯಬೇಕು. ಡ್ರಿಲ್ಲು ಮಾತ್ರ ಸಾಮಾನಿನಲ್ಲಿ ಹೋಗತಕ್ಕದ್ದು. 100 ವ್ಯಾಟ್-ಗಂಟೆಗಳಿಗಿಂತ ಹೆಚ್ಚಿನ ಬ್ಯಾಟರಿಗೆ ವಿಮಾನ ಸಂಸ್ಥೆಯ ಅನುಮತಿ ಬೇಕು. ವೋಲ್ಟನ್ನು ಆಂಪಿಯರ್-ಗಂಟೆಯಿಂದ ಗುಣಿಸಿದರೆ ಲೆಕ್ಕ ಸಿಗುತ್ತದೆ: 18 ವೋಲ್ಟು, 5 ಆಂಪಿಯರ್-ಗಂಟೆಯ ಬ್ಯಾಟರಿ 90 ವ್ಯಾಟ್-ಗಂಟೆಯದು.

ಆಯುಸ್ಸು ತೀರಿದ ಬ್ಯಾಟರಿಯನ್ನು ಕಸದ ಡಬ್ಬಿಗೆ ಎಸೆಯಬಾರದು. ಕಸ ಹೊರುವವನ ಕೈಯಲ್ಲಿ ಅದು ಸಿಡಿಯಬಹುದು. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳಂತೆ ಹಳೆಯ ಬ್ಯಾಟರಿಗಳನ್ನು ಸಂಗ್ರಹಿಸುವ ಹೊಣೆ ತಯಾರಕರದು. ಕೊಂಡ ಅಂಗಡಿಯಲ್ಲಿ ವಿಚಾರಿಸಿ ಹಿಂದಿರುಗಿಸಬೇಕು.

ಸಣ್ಣ ಹಾವಾದರೂ ದೊಡ್ಡ ಕೋಲಿನಿಂದ ಹೊಡೆಯಬೇಕೆಂಬ ಗಾದೆಯನ್ನು ಬಲ್ಲವರು ನಾವು. ಅಂಗೈಯಗಲದ ಈ ಪೆಟ್ಟಿಗೆಯ ವಿಷಯದಲ್ಲಿಯೂ ಅಂಥ ಎಚ್ಚರಿಕೆಯೇ ತಕ್ಕದ್ದು. ಇಂದು ರಾತ್ರಿ ಮಲಗುವ ಮುನ್ನ ನಿಮ್ಮ ಅಟ್ಟದ, ನಿಮ್ಮ ಖೋಲಿಯ ಪ್ಲಗ್ಗುಗಳತ್ತ ಒಮ್ಮೆ ಕಣ್ಣುಹಾಯಿಸಿರಿ. ಚಾರ್ಜಿನಲ್ಲಿರುವುದನ್ನು ತೆಗೆದಿಟ್ಟು ಬಳಿಕ ನಿಶ್ಚಿಂತೆಯಿಂದ ನಿದ್ರಿಸಿರಿ.