ಪರಿಸರ ನಿರ್ವಹಣೆಯಲ್ಲಿ ತಜ್ಞಜ್ಞಾನದ ನಕ್ಷೀಕರಣ

ತಜ್ಞಜ್ಞಾನದ ನಕ್ಷೀಕರಣವೆಂದರೆ ಒಂದು ಪ್ರದೇಶವನ್ನು ಚೆನ್ನಾಗಿ ಬಲ್ಲವರ ತಿಳಿವಳಿಕೆಯನ್ನು, ಕಾರ್ಯಕಾರಣ ಸಂಬಂಧಗಳ ಸಹಿತ, ನಕ್ಷೆ ಅಥವಾ ರೇಖಾಚಿತ್ರದಲ್ಲಿ ದಾಖಲಿಸಿ ನಿರ್ವಹಣೆಯ ತೀರ್ಮಾನಗಳಿಗೆ ಬಳಸುವ ವಿಧಾನ. ಅಳತೆಯ ದಾಖಲೆಗಳು ವಿರಳವಾಗಿರುವಲ್ಲಿ ಇದರ ಉಪಯೋಗ ಹೆಚ್ಚು. ಇಲ್ಲಿ ತಜ್ಞರು ಪದವೀಧರರೇ ಆಗಿರಬೇಕೆಂದಿಲ್ಲ.

ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಇದಕ್ಕೆ ಉತ್ತಮ ನಿದರ್ಶನ. ಅವರು ಕಾಡನ್ನು ಕುಲವಾರು ‘ಎಲ್ಲೆ’ಗಳಾಗಿ ಗುರುತಿಸುತ್ತಾರೆ. ಎಲ್ಲೆಯೊಳಗೆ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂಬ ನೆಲೆಗಳಿವೆ. ಅಬ್ಬಿಯೆಂದರೆ ನೀರಿನ ತಾಣ. ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು ಸೋಲಿಗರ ಜೊತೆಗೂಡಿ ಈ ನೆಲೆಗಳನ್ನು ನಕ್ಷೆಗಿಳಿಸಿದರು.

ಬೆಂಕಿಯ ವಿಚಾರ ಇನ್ನೂ ಮಹತ್ವದ್ದು. ಬೇಸಗೆ ಬಲಿಯುವ ಮುನ್ನ ಸೋಲಿಗರು ಹಚ್ಚುತ್ತಿದ್ದ ‘ತರಗು ಬೆಂಕಿ’ ನೆಲದ ಒಣ ಎಲೆಗಳನ್ನಷ್ಟೇ ಸುಡುತ್ತಿತ್ತು. 1974ರಲ್ಲಿ ಪ್ರದೇಶವು ವನ್ಯಜೀವಿಧಾಮವಾದ ಬಳಿಕ ಅದಕ್ಕೆ ನಿರ್ಬಂಧ ಬಂದಿತು. ಆದ್ದರಿಂದಲೇ ಲಂಟಾನ ಹಬ್ಬಿತು, ನೆಲ್ಲಿಮರಗಳಲ್ಲಿ ‘ಉಪ್ಪಿಲು’ ಎಂಬ ಬದನಿಕೆ ಹೆಚ್ಚಿತು ಎಂಬುದು ಅವರ ವಿವರಣೆ. ಇಂಥ ವಿವರಣೆಯನ್ನು ತಳ್ಳಿಹಾಕುವುದೂ ಪರೀಕ್ಷಿಸದೆ ಒಪ್ಪುವುದೂ ಸಲ್ಲದು. ದಟ್ಟ ಲಂಟಾನದ ನಡುವೆ ಈಗ ಅದೇ ಬೆಂಕಿ ಹಚ್ಚಿದರೆ ಜ್ವಾಲೆ ಮರಗಳಿಗೇರುವ ಅಪಾಯವೂ ಇದೆ.

2011ರಲ್ಲಿ ಈ ಪ್ರದೇಶವು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಸೋಲಿಗರಿಗೆ 2006ರ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯ ಹಕ್ಕುಗಳೂ ದೊರೆತವು.

2002ರ ಜೈವಿಕ ವೈವಿಧ್ಯ ಕಾಯ್ದೆಯಡಿ ಸ್ಥಳೀಯ ಸಂಸ್ಥೆಗಳ ಮಟ್ಟದಲ್ಲಿ ಜನತಾ ಜೀವವೈವಿಧ್ಯ ದಾಖಲಾತಿ ಸಿದ್ಧವಾಗಬೇಕು. ರಾಯಚೂರು ತಾಲ್ಲೂಕಿನ ಗಿಲ್ಲೆಸುಗೂರಿನಂಥ ಬಯಲುಸೀಮೆಯ ಊರುಗಳಿಗೂ ಇದು ಅನ್ವಯಿಸುತ್ತದೆ. ಅಲ್ಲಿ ಕೆರೆ, ಹಳ್ಳ, ಗೋಮಾಳಗಳನ್ನು ಬಲ್ಲ ಕುರಿಗಾಹಿಗಳು ಮತ್ತು ರೈತರೇ ತಜ್ಞರು.