ಇದನ್ನು ಮೊದಲು ಹಾಕಿಕೊಂಡವರು ಯಾರು?

ಭಾನುವಾರ ಬೆಳಿಗ್ಗೆ ಎಂಟು ಗಂಟೆ. ಬೆಂಗಳೂರಿನ ಚಿಕ್ಕಪೇಟೆ ಸುತ್ತಿನ ಅಂಗಡಿಗಳ ಷಟರುಗಳು ಇನ್ನೂ ಎಳೆದೇ ಇವೆ. ಅವುಗಳ ಮುಂದಿನ ಫುಟ್‌ಪಾತಿನ ಮೇಲೆ ಮಾತ್ರ ಇನ್ನೊಂದು ಪೇಟೆ ಆಗಲೇ ಎದ್ದು ಕೂತಿದೆ. ಟಾರ್ಪಾಲಿನ ಮೇಲೆ ರಾಶಿ ಬಿದ್ದ ಷರಟುಗಳು, ಜೋಡಿ ಕಟ್ಟಿಟ್ಟ ಷೂಗಳು, ಮುಳ್ಳಿಲ್ಲದ ಗಡಿಯಾರ, ಒಂದು ಚಕ್ರ ಕಡಿಮೆಯಿರುವ ಆಟದ ಲಾರಿ. ಹಲವು ದಶಕಗಳಿಂದ ನಡೆದುಬಂದಿರುವ ಈ ಸಂತೆಗೆ ಜನ ಇಟ್ಟಿರುವ ಹೆಸರು ಸಂಡೆ ಬಜಾರ್.

ಅಕ್ಕನ ಇಬ್ಬರು ಮಕ್ಕಳನ್ನು ಕರೆದುಕೊಂಡು ಅಲ್ಲಿಗೆ ಹೋಗಿದ್ದೆ. ಶಾಲೆ ತೆರೆಯುವ ಹೊತ್ತು. ಮನೆ ಬಾಡಿಗೆ, ಶಾಲೆಯ ಶುಲ್ಕ, ವ್ಯಾನಿನ ಮುಂಗಡ ಎಲ್ಲವನ್ನೂ ಕೂಡಿಸಿ ಕಳೆದು ನೋಡಿದ ಅಕ್ಕ, 'ಈ ಸಲ ಬಟ್ಟೆಗೆ ಏನೂ ಉಳಿಯಲ್ಲ ಕಣೇ' ಎಂದಿದ್ದಳು. ರಾಶಿಯೊಳಗೆ ಕೈಯಾಡಿಸಿ ಒಂದು ನೀಲಿ ಸ್ವೆಟರ್ ಎಳೆದೆ. ಹೊಲಿಗೆ ಗಟ್ಟಿಯಿತ್ತು, ಗುಂಡಿಗಳೆಲ್ಲ ಇದ್ದವು. ಹನ್ನೊಂದು ವರ್ಷದ ಹುಡುಗಿ ಅದನ್ನು ಮುಟ್ಟಲಿಲ್ಲ. 'ಚಿಕ್ಕಮ್ಮ, ಇದನ್ನ ಮೊದಲು ಯಾರು ಹಾಕ್ಕೊಂಡಿದ್ದರು?' ಎಂದು ಕೇಳಿದಳು. ಏಳು ವರ್ಷದ ತಮ್ಮನಿಗೆ ಆ ಚಿಂತೆ ಇರಲಿಲ್ಲ. ಅವನು ಮೂರು ಚಕ್ರದ ಲಾರಿಯ ಮುಂದೆ ಕುಕ್ಕರಗಾಲಲ್ಲಿ ಕೂತಾಗಿತ್ತು.

ಹುಡುಗಿಯ ಪ್ರಶ್ನೆ ಸಣ್ಣದಲ್ಲ. ಹಳೆಯ ವಸ್ತುವನ್ನು ಕೊಂಡು ಬಳಸುವುದರಲ್ಲಿ ಹಣ ಉಳಿಯುತ್ತದೆ ಎಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೂ ನಮ್ಮ ಮಧ್ಯಮ ವರ್ಗ ಅಲ್ಲಿಗೆ ಹೋಗಲು ಹಿಂಜರಿಯುತ್ತದೆ. ಈ ಹಿಂಜರಿಕೆ ಎಲ್ಲಿಂದ ಬಂತು?

ತೊಟ್ಟಿಲಿನಿಂದಲೇ ಹಳೆಯದು

ಮೊದಲಿಗೆ ಒಂದು ಮಾತು ಸ್ಪಷ್ಟವಾಗಬೇಕು. ಹಳೆಯ ಬಟ್ಟೆ ನಮಗೆ ಹೊಸದಲ್ಲ. ಹುಟ್ಟಿದ ಮಗುವಿಗೆ ಗರಿಗರಿ ಹೊಸ ಬಟ್ಟೆ ಹಾಕದೆ, ಒಗೆದು ಒಗೆದು ಮೆತ್ತಗಾದ ಹಳೆಯ ಪಂಚೆ ಅಥವಾ ಸೀರೆಯ ತುಂಡಿನಲ್ಲಿ ಸುತ್ತುವುದು ನಮ್ಮ ಅನೇಕ ಮನೆಗಳ ರೂಢಿ. ಅಜ್ಜಿಯ ಹತ್ತಿ ಸೀರೆಯೇ ಜೋಲಿಯಾಗುತ್ತದೆ, ಅದರ ಅಂಚು ಕುಲಾವಿಯಾಗುತ್ತದೆ. ಅಣ್ಣನ ಅಂಗಿ ತಮ್ಮನಿಗೆ, ತಮ್ಮನದು ಚಿಕ್ಕಪ್ಪನ ಮಗನಿಗೆ. ಕೊನೆಗೆ ಅದು ಕೈಒರೆಸುವ ಬಟ್ಟೆಯಾಗಿ ಅಡುಗೆಮನೆ ಸೇರುತ್ತದೆ.

ಉತ್ತರ ಕರ್ನಾಟಕದ ಕೌದಿ ಇದೇ ಜಾಣ್ಮೆಯ ದೊಡ್ಡ ರೂಪ. ಸವೆದ ಸೀರೆ, ಧೋತರ, ಅಂಗಿಗಳ ತುಂಡುಗಳನ್ನು ಪದರ ಪದರವಾಗಿ ಹಾಸಿ, ಉದ್ದಕ್ಕೂ ದಾರ ಓಡಿಸಿ ಹೊಲಿದ ಹೊದಿಕೆ ಅದು. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಡೆಯ ಸಿದ್ದಿ ಹೆಂಗಸರು ಹೊಲಿಯುವ ಕೌದಿಗಳು ಬಣ್ಣದ ಜೋಡಣೆಯಿಂದ ಇಂದು ಕಲಾಪ್ರದರ್ಶನಗಳನ್ನೂ ಮುಟ್ಟಿವೆ. ಒಂದು ಕೌದಿ ಬಿಚ್ಚಿದರೆ ಒಂದು ಮನೆತನದ ಇಪ್ಪತ್ತು ವರ್ಷಗಳ ಉಡುಪು ಅದರಲ್ಲಿ ಕಾಣಬಹುದು.

ಹಳೆಯ ಬಟ್ಟೆ ಕೊಟ್ಟು ಪಾತ್ರೆ ಕೊಳ್ಳುವ ವ್ಯಾಪಾರವನ್ನೂ ನಾವು ಬಲ್ಲೆವು. ತಲೆಯ ಮೇಲೆ ಬುಟ್ಟಿ ಹೊತ್ತ ಹೆಂಗಸು ಬೀದಿಯಲ್ಲಿ ಕೂಗಿದರೆ ಸಾಕು. ಎರಡು ಪ್ಯಾಂಟು, ಒಂದು ಜರಿ ಸೀರೆಗೆ ಒಂದು ಸ್ಟೀಲ್ ಡಬ್ಬಿ ಎಂದು ಜಗಲಿಯ ಮೇಲೆ ಚೌಕಾಸಿ ನಡೆಯುತ್ತಿತ್ತು. ಹಾಗೆ ಹೋದ ಬಟ್ಟೆ ಎಲ್ಲಿ ಸೇರುತ್ತದೆಂದು ಯಾರೂ ಕೇಳುತ್ತಿರಲಿಲ್ಲ. ದೆಹಲಿಯ ರಘುಬೀರ್ ನಗರದಲ್ಲಿ ಗುಜರಾತ್ ಮೂಲದ ವಾಘ್ರಿ ಸಮುದಾಯದ ಹೆಂಗಸರು ಹೀಗೆ ಪಾತ್ರೆ ಕೊಟ್ಟು ತಂದ ಬಟ್ಟೆಗಳಿಗಾಗಿಯೇ ಒಂದು ದೊಡ್ಡ ಮಂಡಿ ಇದೆ. ಅಲ್ಲಿ ಅವು ವಿಂಗಡಣೆಯಾಗಿ, ರಿಪೇರಿಯಾಗಿ, ಮತ್ತೆ ಬೀದಿಬದಿಯ ರಾಶಿಗಳಿಗೆ ಬರುತ್ತವೆ. ಹೊಲಿಯಲಾಗದ ಉಣ್ಣೆಬಟ್ಟೆ ಹರಿಯಾಣದ ಪಾಣಿಪತ್‌ನಂಥ ಕಡೆ ನೂಲಾಗಿ ಬಿಚ್ಚಿಕೊಂಡು ಕಂಬಳಿಯಾಗುತ್ತದೆ.

ಅಂದರೆ ನಮ್ಮವರ ಹಳೆಯದು ನಮಗೆ ಸಲೀಸು. ಕಷ್ಟವಿರುವುದು ಗುರುತಿಲ್ಲದವರ ಹಳೆಯದರಲ್ಲಿ.

ಕೊಟ್ಟಿದ್ದು ಮತ್ತು ಕೊಂಡಿದ್ದು

ಈ ಕಷ್ಟದ ಬೇರು ಶುಚಿತ್ವದಲ್ಲಷ್ಟೇ ಇಲ್ಲ. ಬೇರೆಯವರು ಉಟ್ಟ ಬಟ್ಟೆ ಮೈಲಿಗೆ ಎಂಬ ಭಾವನೆ ಒಂದು ಕಡೆ. ಇನ್ನೊಂದು ಕಡೆ, ಹಳೆಯ ಬಟ್ಟೆಯನ್ನು ಯಾರು ಉಡಬೇಕು ಎಂಬುದನ್ನೇ ಈ ಸಮಾಜ ಬಹುಕಾಲ ನಿರ್ಧರಿಸಿಟ್ಟಿತ್ತು. ಸೇವೆ ಮಾಡುವ ಶೂದ್ರನಿಗೆ ಉಂಡುಳಿದ ಅನ್ನವನ್ನೂ ಹಳೆಯ ಬಟ್ಟೆಯನ್ನೂ ಕೊಡಬೇಕೆಂಬ ಮಾತು ಮನುಸ್ಮೃತಿಯ ಹತ್ತನೆಯ ಅಧ್ಯಾಯದಲ್ಲಿದೆ. ಚಂಡಾಲರು ಉಡಬೇಕಾದದ್ದು ಸತ್ತವರ ಬಟ್ಟೆ ಎಂಬ ಮಾತೂ ಅದೇ ಅಧ್ಯಾಯದ್ದು. 1927ರ ಡಿಸೆಂಬರ್ 25ರಂದು ಮಹಾಡ್‌ನಲ್ಲಿ ಆ ಗ್ರಂಥವನ್ನು ಸುಟ್ಟ ಡಾ. ಅಂಬೇಡ್ಕರ್ ಅವರು, ಅದೇ ಸಂದರ್ಭದಲ್ಲಿ ಸೇರಿದ್ದ ಹೆಂಗಸರಿಗೆ ಉಡುಪಿನ ಬಗ್ಗೆಯೂ ಮಾತನಾಡಿದ್ದರು. ಅಸ್ಪೃಶ್ಯರೆಂದು ಗುರುತು ಹೇಳುವ ಉಡುಗೆ ತೊಡುಗೆಯನ್ನು ಬಿಡಿ, ಶುಚಿಯಾಗಿರಿ ಎಂಬುದು ಅವರ ಮಾತಿನ ಸಾರ.

ಹಳೆಯ ಬಟ್ಟೆ ಎಂದರೆ ಕೆಲವರಿಗೆ ಬರೀ ಮುಜುಗರವಲ್ಲ, ಹಳೆಯ ಗಾಯ. ಕೈ ಎತ್ತಿ ಕೊಟ್ಟವನು ಮೇಲೆ, ಕೈ ಒಡ್ಡಿದವನು ಕೆಳಗೆ. ಮನೆಗೆಲಸದವರಿಗೆ ಹಬ್ಬದ ದಿನ ಹರಿದ ಸೀರೆ ಕೊಟ್ಟು ದಾನವೆಂದುಕೊಳ್ಳುವ ಅಭ್ಯಾಸ ಇಂದಿಗೂ ಹೋಗಿಲ್ಲ. ಹಳೆಯ ಬಟ್ಟೆಯ ಅಂಗಡಿಗೆ ಹೋಗಲು ಹಿಂಜರಿಯುವವರನ್ನು ಒಣಜಂಬದವರೆಂದು ಜರೆಯುವ ಮುನ್ನ ಇದನ್ನು ನೆನೆಯಬೇಕು.

ಆದರೆ ಕೊಟ್ಟ ಬಟ್ಟೆಗೂ ಕೊಂಡ ಬಟ್ಟೆಗೂ ವ್ಯತ್ಯಾಸವಿದೆ. ಪಶ್ಚಿಮದ ದೇಶಗಳಲ್ಲಿ 'ಥ್ರಿಫ್ಟ್ ಸ್ಟೋರ್' ಎಂಬ ಹಳೆ ಸಾಮಾನಿನ ಅಂಗಡಿಗಳು ಬೆಳೆದುಬಂದ ಕಥೆಯಲ್ಲಿ ಈ ವ್ಯತ್ಯಾಸವೇ ಮುಖ್ಯ. ಲಂಡನ್ನಿನ ಬಡವರ ನಡುವೆ ಸಾಲ್ವೇಶನ್ ಆರ್ಮಿಯನ್ನು ಕಟ್ಟಿದ ವಿಲಿಯಂ ಬೂತ್, 1890ರ ತನ್ನ ಪುಸ್ತಕದಲ್ಲಿ ಮನೆಮನೆಯ ಬೇಡದ ವಸ್ತುಗಳನ್ನು ಸಂಗ್ರಹಿಸಿ ಅದರಿಂದ ನಿರುದ್ಯೋಗಿಗಳಿಗೆ ಕೆಲಸ ಒದಗಿಸುವ ಯೋಜನೆ ಮುಂದಿಟ್ಟ. ಅಮೆರಿಕದ ಬಾಸ್ಟನ್ನಿನಲ್ಲಿ ಎಡ್ಗರ್ ಹೆಲ್ಮ್ಸ್ ಎಂಬ ಮೆಥಡಿಸ್ಟ್ ಪಾದ್ರಿ 1902ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಸ್ಥಿತಿವಂತರ ಮನೆಗಳಿಂದ ಗೋಣಿಚೀಲಗಳಲ್ಲಿ ಹಳೆಯ ಬಟ್ಟೆ, ಪೀಠೋಪಕರಣ ತರುವುದು. ಬಡ ವಲಸೆಗಾರರಿಗೆ ಅವನ್ನು ದುರಸ್ತಿ ಮಾಡುವ ಕೂಲಿ ಕೊಡುವುದು. ದುರಸ್ತಿಯಾದದ್ದನ್ನು ಅಗ್ಗದ ಬೆಲೆಗೆ ಮಾರುವುದು. ಅದೇ ಮುಂದೆ 'ಗುಡ್‌ವಿಲ್' ಸಂಸ್ಥೆಯಾಯಿತು. ಪುಕ್ಕಟೆ ಕೊಡಬಹುದಿತ್ತು, ಕೊಡಲಿಲ್ಲ. ಬೆಲೆ ಎಷ್ಟೇ ಕಡಿಮೆಯಿರಲಿ, ಕಾಸು ಕೊಟ್ಟವಳು ಗಿರಾಕಿ. ಬೇಕಾದ್ದನ್ನು ಆರಿಸಬಹುದು, ಬೇಡವಾದ್ದನ್ನು ಬಿಟ್ಟು ಬರಬಹುದು.

ನಮ್ಮಲ್ಲಿಯೂ ಇದನ್ನು ಮನಗಂಡವರಿದ್ದಾರೆ. 1999ರಲ್ಲಿ ದೆಹಲಿಯಲ್ಲಿ 'ಗೂಂಜ್' ಸಂಸ್ಥೆಯನ್ನು ಆರಂಭಿಸಿದ ಅಂಶು ಗುಪ್ತಾ, ನಗರಗಳ ಹಳೆಯ ಬಟ್ಟೆಯನ್ನು ಹಳ್ಳಿಗಳಿಗೆ ಮುಟ್ಟಿಸಿದರು. ಆದರೆ ದಾನವಾಗಿ ಅಲ್ಲ. ಊರಿನ ಬಾವಿ ತೋಡುವುದು, ಕೆರೆ ಹೂಳೆತ್ತುವುದು, ಸೇತುವೆ ಕಟ್ಟುವುದು ಮುಂತಾದ ಊರವರೇ ಮಾಡಿದ ಕೆಲಸಕ್ಕೆ ಪ್ರತಿಯಾಗಿ. 2015ರಲ್ಲಿ ಅವರಿಗೆ ರಾಮನ್ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಮಕ್ಕಳ ಸಾಮಾನಿನ ಲೆಕ್ಕ

ಹಳೆಯ ಸಾಮಾನಿನ ಪೇಟೆಯಲ್ಲಿ ಮಕ್ಕಳ ವಸ್ತುಗಳದೇ ಬೇರೆ ಲೆಕ್ಕ. ದೊಡ್ಡವರು ಬಟ್ಟೆಯನ್ನು ಹರಿಯುವವರೆಗೆ ಹಾಕುತ್ತಾರೆ. ಮಕ್ಕಳು ಬಟ್ಟೆಯನ್ನು ಮೀರಿ ಬೆಳೆಯುತ್ತಾರೆ. ಹುಟ್ಟುವಾಗ ಸುಮಾರು 50 ಸೆಂಟಿಮೀಟರ್ ಉದ್ದವಿರುವ ಕೂಸು ವರ್ಷ ತುಂಬುವಷ್ಟರಲ್ಲಿ 75ರ ಆಸುಪಾಸಿಗೆ ಬರುತ್ತದೆ. ತೂಕ ಸುಮಾರು ಮೂರು ಪಟ್ಟಾಗುತ್ತದೆ. ಹಾಗಾಗಿ ಮಗುವಿನ ಅಂಗಿ ಸವೆಯುವ ಮೊದಲೇ ಬಿಗಿಯಾಗುತ್ತದೆ. ಮಕ್ಕಳ ಹಳೆಯ ಬಟ್ಟೆ ಎಷ್ಟೋ ಸಲ ಹೆಸರಿಗಷ್ಟೇ ಹಳೆಯದು.

ಇದನ್ನು ಚೆನ್ನಾಗಿ ಅರಿತಿದ್ದವರು ಎರಡನೆಯ ಮಹಾಯುದ್ಧದ ಕಾಲದ ಬ್ರಿಟನ್ನಿನ ತಾಯಂದಿರು. 1941ರ ಜೂನ್‌ನಿಂದ ಅಲ್ಲಿ ಬಟ್ಟೆಗೂ ಪಡಿತರ ಬಂತು. ಮೊದಲ ವರ್ಷ ತಲೆಗೆ 66 ಕೂಪನ್. ಕಾಸಿದ್ದರೂ ಕೂಪನ್ ಇಲ್ಲದೆ ಹೊಸ ಕೋಟು ಸಿಗದು. ಮಕ್ಕಳೋ ಬೆಳೆಯುವುದನ್ನು ನಿಲ್ಲಿಸುವುದಿಲ್ಲ. ಆಗ ಮಹಿಳಾ ಸ್ವಯಂಸೇವಾ ಸಂಘದವರು ಊರೂರಿನಲ್ಲಿ ಮಕ್ಕಳ ಬಟ್ಟೆಯ ವಿನಿಮಯ ಕೇಂದ್ರ ತೆರೆದರು. ಚಿಕ್ಕದಾದದ್ದನ್ನು ಕೊಟ್ಟು ದೊಡ್ಡದನ್ನು ಒಯ್ಯುವ ವ್ಯವಸ್ಥೆ. ಬಟ್ಟೆಯ ಪಡಿತರ ಕೊನೆಗೊಂಡಿದ್ದು 1949ರಲ್ಲಿ. ಎಲ್ಲರೂ ಹಳೆಯದನ್ನೇ ತೊಟ್ಟಾಗ ಅದರಲ್ಲಿ ನಾಚಿಕೆಗೆ ಎಡೆ ಎಲ್ಲಿ?

ಇಂದು ಇದೇ ಕೆಲಸವನ್ನು ಅಪಾರ್ಟ್‌ಮೆಂಟುಗಳ ವಾಟ್ಸ್‌ಆ್ಯಪ್ ಗುಂಪುಗಳು ಮಾಡುತ್ತಿವೆ. ತೊಟ್ಟಿಲು, ತಳ್ಳುಗಾಡಿ, ಚಿಕ್ಕ ಸೈಕಲ್ ಒಂದು ಮಹಡಿಯಿಂದ ಇನ್ನೊಂದಕ್ಕೆ ಇಳಿಯುತ್ತವೆ. 2023ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರದ ಅಭಿಯಾನವೊಂದರ ಅಂಗವಾಗಿ ಹಲವು ನಗರಗಳಲ್ಲಿ ಹಳೆಯ ಬಟ್ಟೆ, ಪುಸ್ತಕ, ಆಟಿಕೆ ಸ್ವೀಕರಿಸುವ ಕೇಂದ್ರಗಳೂ ತೆರೆದವು.

ಮಕ್ಕಳೊಡನೆ ಹೋಗುವಾಗ

ಕೆಲವು ಮುನ್ನೆಚ್ಚರಿಕೆಗಳು ಅಗತ್ಯ. ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಬೇಕು. ತೂತು, ಸವೆತ ಆಗ ಕಾಣುತ್ತದೆ. ಜಿಪ್ ಎಳೆದು ನೋಡಬೇಕು. ಕಂಕುಳ ಹೊಲಿಗೆ, ಮೊಣಕಾಲಿನ ಭಾಗ ಮೊದಲು ಸವೆಯುವ ಜಾಗಗಳು. ಮನೆಗೆ ತಂದ ಮೇಲೆ ಬಿಸಿನೀರಿನಲ್ಲಿ ನೆನೆಸಿ ಒಗೆದು, ಚುರುಗುಟ್ಟುವ ಬಿಸಿಲಿನಲ್ಲಿ ಒಣಗಿಸಬೇಕು. ಬಿಸಿನೀರು ತಾಳದ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಒಂದು ವಾರ ಇಟ್ಟರೆ ಕಜ್ಜಿಯ ಹುಳು ಉಳಿಯುವುದಿಲ್ಲ. ಮನುಷ್ಯನ ಮೈ ಬಿಟ್ಟರೆ ಅದರ ಆಯಸ್ಸು ಕೆಲವೇ ದಿನ.

ಕೊಳ್ಳಬಾರದ್ದೂ ಇದೆ. ಹೆಲ್ಮೆಟ್ ಮತ್ತು ಕಾರಿನ ಮಕ್ಕಳ ಸೀಟು ಒಮ್ಮೆ ಅಪಘಾತದ ಪೆಟ್ಟು ತಿಂದಿದ್ದರೆ ಹೊರಗೆ ಕಾಣದಂತೆ ಒಳಗೆ ಬಿರಿದಿರಬಹುದು. ಬಣ್ಣ ಚಕ್ಕೆ ಏಳುತ್ತಿರುವ ಆಟಿಕೆ ಬೇಡ. ಆ ಬಣ್ಣದಲ್ಲಿ ಸೀಸವಿರಬಹುದು. ಭಾರತದಲ್ಲಿ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾದದ್ದು 2021ರ ಜನವರಿ 1ರಿಂದ. ಅದಕ್ಕೂ ಹಿಂದಿನವನ್ನು ಕಣ್ಣಿಟ್ಟು ನೋಡಬೇಕು.

ಮಕ್ಕಳ ಕೈಗೆ ಅವರದೇ ಆದ ಸಣ್ಣ ಮೊತ್ತ ಕೊಟ್ಟು ನೋಡಿ. ನಾನು ಇಬ್ಬರಿಗೂ ನೂರು ನೂರು ರೂಪಾಯಿ ಕೊಟ್ಟೆ. ಹುಡುಗ ಇಪ್ಪತ್ತಕ್ಕೆ ಲಾರಿ ಕೇಳಿದ. ವ್ಯಾಪಾರಿ ನಲವತ್ತೆಂದರು. 'ಒಂದು ಚಕ್ರ ಇಲ್ಲವಲ್ಲ' ಎಂದು ಇವನು ವಾದಿಸಿದ. ಮೂವತ್ತಕ್ಕೆ ಮುಗಿಯಿತು. ಹೊಸ ಅಂಗಡಿಯಲ್ಲಿ ಬೆಲೆಯ ಚೀಟಿ ಓದುವುದಷ್ಟೇ ಮಕ್ಕಳ ಪಾಲಿಗಿರುವ ಕೆಲಸ. ಇಲ್ಲಿ ಬೆಲೆ ಎಂಬುದು ಹೇಗೆ ಹುಟ್ಟುತ್ತದೆ ಎಂಬುದನ್ನೇ ಅವರು ನೋಡುತ್ತಾರೆ.

ಹುಡುಗಿ ಮಾತ್ರ ಇನ್ನೂ ಬಿಗುವಾಗಿದ್ದಳು. ತರಗತಿಯ ಯಾರಾದರೂ ಆ ಸ್ವೆಟರನ್ನು 'ಇದು ನನ್ನದು' ಎಂದುಬಿಟ್ಟರೆ? ಇದೇ ಅವಳ ಭಯ. ಅವಳಿಗೆ ನನ್ನದೊಂದು ಕಥೆ ಹೇಳಿದೆ. ನಾನು ಐದನೆಯ ತರಗತಿಯಲ್ಲಿ ಹಾಕಿದ್ದು ಅವಳ ಅಮ್ಮನ ಯೂನಿಫಾರ್ಮ್. ಕಾಲರಿನ ಒಳಗೆ ಅಕ್ಕನ ಹೆಸರಿನ ಮೊದಲಕ್ಷರ ಕೆಂಪು ದಾರದಲ್ಲಿ ಹೊಲಿದಿತ್ತು. ಒಮ್ಮೆ ಅದು ಗೆಳತಿಯೊಬ್ಬಳ ಕಣ್ಣಿಗೆ ಬಿತ್ತು. ಇಡೀ ವರ್ಷ ತರಗತಿಯಲ್ಲಿ ನನ್ನನ್ನು ಅಕ್ಕನ ಹೆಸರಿನಿಂದಲೇ ಕರೆದರು. ಅತ್ತಿದ್ದೂ ನಿಜ. ಅದನ್ನು ಮುಚ್ಚಿಟ್ಟು ಅವಳಿಗೆ ಬುದ್ಧಿ ಹೇಳಲು ನನಗೆ ಮನಸ್ಸಾಗಲಿಲ್ಲ. 'ಬೇಡ ಅನ್ನಿಸಿದರೆ ಬೇಡ' ಎಂದೆ. ಆರಿಸುವ ಹಕ್ಕು ಗಿರಾಕಿಯದು ಎಂದಮೇಲೆ ಅದು ಹನ್ನೊಂದು ವರ್ಷದ ಗಿರಾಕಿಗೂ ಸಲ್ಲಬೇಕು.

ಪುಸ್ತಕದ ಮೊದಲ ಪುಟ

ಅಲ್ಲಿಂದ ಅವೆನ್ಯೂ ರಸ್ತೆಗೆ ನಡೆದೆವು. ಹಿಂದೆ ದೊಡ್ಡಪೇಟೆ ಎನಿಸಿಕೊಂಡಿದ್ದ ಈ ಬೀದಿ ಹಳೆಯ ಪಠ್ಯಪುಸ್ತಕಗಳಿಗೆ ಹೆಸರಾದದ್ದು. ಇಲ್ಲಿಯ ವ್ಯವಹಾರ ಸರಳ. ವರ್ಷದ ಕೊನೆಗೆ ಪುಸ್ತಕ ಮಾರುತ್ತೀರಿ, ಅದೇ ಪುಸ್ತಕ ಮುಂದಿನ ತರಗತಿಯವರಿಗೆ ಮುದ್ರಿತ ಬೆಲೆಗಿಂತ ಕಡಿಮೆಗೆ ಹೋಗುತ್ತದೆ. ಈ ಸರಪಳಿ ಕಡಿಯುವುದು ಪಠ್ಯ ಬದಲಾದಾಗ. ಎನ್‌ಸಿಇಆರ್‌ಟಿ 2023ರಿಂದ ಹಂತಹಂತವಾಗಿ ಹೊಸ ಪುಸ್ತಕಗಳನ್ನು ತರುತ್ತಿದೆ. ಪಠ್ಯ ಬದಲಾದ ವರ್ಷ ಹಳೆಯ ಪುಸ್ತಕ ತೂಕದ ಲೆಕ್ಕಕ್ಕೆ ರದ್ದಿಯಾಗುತ್ತದೆ. ಕೊಳ್ಳುವ ಮುನ್ನ ಮುದ್ರಣದ ವರ್ಷ ನೋಡಿ, ಶಾಲೆಯ ಪಟ್ಟಿಗೆ ತಾಳೆ ಹಾಕಬೇಕು.

ಬಟ್ಟೆಯ ರಾಶಿಯ ಮುಂದೆ ಮುಖ ಗಂಟಿಕ್ಕಿದ್ದ ಹುಡುಗಿ ಇಲ್ಲಿ ಮಾತ್ರ ಅರ್ಧ ಗಂಟೆ ಅಲುಗಾಡಲಿಲ್ಲ. ನಿಘಂಟೊಂದನ್ನು ಆರಿಸಿ ಮೊದಲ ಪುಟ ತೆರೆದಳು. ಮೂರು ಹೆಸರುಗಳಿದ್ದವು, ಮೂರು ಬಗೆಯ ಕೈಬರಹ, ಮೂರು ಬಣ್ಣದ ಶಾಯಿ. ಒಬ್ಬರು ತರಗತಿ, ವಿಭಾಗವನ್ನೂ ಬರೆದಿದ್ದರು. ಇದನ್ನು ಮೊದಲು ಓದಿದವರು ಯಾರು ಎಂದು ಅವಳು ನನ್ನನ್ನು ಕೇಳಬೇಕಾಗಿರಲಿಲ್ಲ.

ಅದು ಎಂಬತ್ತು ರೂಪಾಯಿಗೆ ಬಂತು. ಮನೆಗೆ ಬಂದವಳೇ ಪೆನ್ನು ತೆಗೆದು ಮೂರು ಹೆಸರುಗಳ ಕೆಳಗೆ ತನ್ನದನ್ನು ಬರೆದಳು. ನೀಲಿ ಸ್ವೆಟರ್ ಚಿಕ್ಕಪೇಟೆಯಲ್ಲೇ ಉಳಿಯಿತು. ಮುಂದಿನ ಭಾನುವಾರ ಮತ್ತೆ ಹೋಗೋಣವೇ ಎಂದು ಕೇಳಿದವಳು ಮಾತ್ರ ಅವಳೇ. 'ಸ್ವೆಟರ್ ಇನ್ನೂ ಇದ್ದರೆ ನೋಡೋಣ' ಎಂದಳು.